ಕೃತಿ ಮುಗಿದ ಬಳಿಕ ಗಿಬ್ಬನ್

ರೋಮನ್ ಸಾಮ್ರಾಜ್ಯದ ಅವನತಿ ಮತ್ತು ಪತನವನ್ನು ಕುರಿತ ಎಡ್ವರ್ಡ್ ಗಿಬ್ಬನ್ನನ ಆರು ಸಂಪುಟಗಳ ಗ್ರಂಥದ ಹೆಸರನ್ನು ಕೇಳದ ಇತಿಹಾಸದ ವಿದ್ಯಾರ್ಥಿಗಳು ವಿರಳ. ಅದನ್ನು ಆದ್ಯಂತವಾಗಿ ಓದಿದವರೂ ವಿರಳರೇ. ಅದನ್ನು ಬರೆದು ಮುಗಿಸಿದ ಮೇಲೆ ಆತನ ಮನಸ್ಸು ಯಾವ ಸ್ಥಿತಿಯಲ್ಲಿತ್ತೆಂಬುದನ್ನು ನಾವು ವಿಚಾರಿಸುವುದಂತೂ ಇಲ್ಲವೆಂದೇ ಹೇಳಬೇಕು. ಇದು ಬರಿಯ ಕುತೂಹಲದ ವಿಷಯವಲ್ಲ. ಗಿಬ್ಬನ್ನನನ್ನು ಕುರಿತು ತರಗತಿಗಳಲ್ಲಿ ನಾವು ಹೇಳುವ ಸಂಗತಿಗಳು ಬಹುಮಟ್ಟಿಗೆ ಆತನ ಆತ್ಮಕಥನದಿಂದ ಬಂದವು; ಆ ಆತ್ಮಕಥನವಾದರೋ ಕೃತಿ ಮುಗಿದ ಮೇಲಿನ ಅಶಾಂತಿಯಲ್ಲಿಯೇ ಹುಟ್ಟಿದುದು.

ಮೊದಲನೆಯ ಸಂಪುಟವು 1776ರಲ್ಲಿ ಪ್ರಕಟವಾಗಿ ಗಿಬ್ಬನ್ನನಿಗೆ ಕೀರ್ತಿಯನ್ನು ತಂದಿತು. 1781ರಲ್ಲಿ ಹೊರಬಂದ ಎರಡು ಸಂಪುಟಗಳೊಡನೆ ಪಶ್ಚಿಮ ಸಾಮ್ರಾಜ್ಯದ ಪತನದವರೆಗಿನ ಕಥನ ಪೂರ್ಣವಾಯಿತು. ಅಲ್ಲಿಗೇ ಲೇಖನಿಯನ್ನು ಕೆಳಗಿಟ್ಟಿದ್ದರೂ ಆತನ ಸ್ಥಾನಕ್ಕೆ ಕುಂದು ಬರುತ್ತಿರಲಿಲ್ಲ. ಸ್ವಲ್ಪ ಕಾಲ ಆತನು ಮನಬಂದಂತೆ ಗ್ರೀಕ್ ಗ್ರಂಥಗಳನ್ನು ಓದುತ್ತ ಬಿಡುವನ್ನು ಅನುಭವಿಸಿದನು. ಆದರೆ ದಿನದಿನದ ನಿಯತ ಕಾರ್ಯವಿಲ್ಲದೆ ಓದಿದ ಪುಸ್ತಕಕ್ಕೆ ಬೆಲೆಯಿಲ್ಲ, ಶೋಧನೆಗೆ ಗುರಿಯಿಲ್ಲವೆಂದು ಆತನಿಗೆ ತೋರತೊಡಗಿತು. 1453ರ ಕಾನ್‌ಸ್ಟಾಂಟಿನೋಪಲ್ ಪತನದವರೆಗೆ ಚರಿತ್ರೆಯನ್ನು ಮುಂದುವರಿಸುವುದಾಗಿ 1782ರಲ್ಲಿ ಆತನು ಸಾರಿದನು. ಅದೇ ವರ್ಷ ವಾಣಿಜ್ಯ ಮಂಡಳಿಯಲ್ಲಿದ್ದ ಹುದ್ದೆ ಹೋಗಿ ಆದಾಯ ಕುಗ್ಗಿದುದನ್ನೂ ಮರೆಯಬಾರದು. ಆದರೂ ಸಾವಿರ ವರ್ಷಗಳ ಬೈಜಾಂಟಿಯಂ ಚರಿತ್ರೆಯನ್ನು ಹಣದ ಚಿಂತೆಯೊಂದರಿಂದಲೇ ಯಾರೂ ಕೈಗೆತ್ತಿಕೊಳ್ಳಲಾರರೆಂದು ನಮ್ಮ ಭಾವನೆ.

1787ರ ಜೂನ್ 27ರ ರಾತ್ರಿ, ಲೋಸಾನ್ ನಗರದ ತನ್ನ ತೋಟದ ಮನೆಯಲ್ಲಿ, ಆತನು ಕೊನೆಯ ಪುಟವನ್ನು ಮುಗಿಸಿದನು. ಮೊದಲು ಬಿಡುಗಡೆಯ ಸಂತೋಷ. ಬೆನ್ನಿಗೇ ಬಹುಕಾಲದ ಒಡನಾಡಿಯನ್ನು ಅಗಲಿದಂತಹ ವ್ಯಥೆ. ಆತ್ಮಕಥನದ ಈ ಭಾಗವು ಪ್ರಸಿದ್ಧವಾಗಿದೆ. ಕೊನೆಯ ಮೂರು ಸಂಪುಟಗಳು 1788ರ ಮೇ 8ರಂದು, ಆತನ ಐವತ್ತೊಂದನೆಯ ಹುಟ್ಟುಹಬ್ಬದ ದಿನ, ಪ್ರಕಟವಾದವು. ಅನಂತರ ಆತನು ಅಂತಹ ಇನ್ನೊಂದು ಮಹಾಕಾರ್ಯವನ್ನು ಕೈಗೊಂಡು ಮುಗಿಸಲೇ ಇಲ್ಲ. ಇಂಗ್ಲೆಂಡಿನ ಗಣ್ಯರ ಚರಿತ್ರೆಗಳನ್ನು ಬರೆಯುವ ಯೋಚನೆ 1793ರಲ್ಲಿ ಬಂದಿತು, ಯೋಚನೆಯಾಗಿಯೇ ಉಳಿಯಿತು. ಮರುವರ್ಷ ಜನವರಿಯಲ್ಲಿ ಗಿಬ್ಬನ್ ತೀರಿಕೊಂಡನು.

ಈ ನಡುವೆ ಆತನು ಬರೆದುದು ತನ್ನ ಬಾಳಿನ ಕಥೆಯನ್ನು. ಅದನ್ನೂ ಆರು ಬಾರಿ. ಆರರಲ್ಲಿ ಒಂದೂ ಆತನಿಗೆ ಒಪ್ಪಿಗೆಯಾಗಲಿಲ್ಲ. ಮಿತ್ರನಾದ ಷೆಫೀಲ್ಡ್ ಪ್ರಭುವು ಈ ಕರಡುಗಳನ್ನು ಕತ್ತರಿಸಿ ಜೋಡಿಸಿ 1796ರಲ್ಲಿ ಅಚ್ಚುಹಾಕಿಸಿದನು. ಕರಡುಗಳು ಬೇರೆ ಬೇರೆಯಾಗಿ ಬೆಳಕು ಕಂಡುದು 1896ರಲ್ಲಿ. ಅವನ್ನು ಹೋಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. 1764ರ ಅಕ್ಟೋಬರ್ 15ರಂದು ರೋಮಿನಲ್ಲಿ ಗ್ರಂಥರಚನೆಯ ಸಂಕಲ್ಪ ಹುಟ್ಟಿದ ಪ್ರಸಂಗವು, ಒಂದು ಕರಡಿನಲ್ಲಿ ಸಂನ್ಯಾಸಿಗಳ ಇಗರ್ಜಿಯೊಳಗೆ ನಡೆದರೆ ಇನ್ನೊಂದರಲ್ಲಿ ಕ್ಯಾಪಿಟಾಲಿನ ಹಾಳು ಕಟ್ಟಡಗಳ ನಡುವೆ ನಡೆಯುತ್ತದೆ. ಆತನು ಸುಳ್ಳು ಹೇಳಿದನೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಕೈಯಲ್ಲಿ ಬೇರೆ ಕೆಲಸವಿಲ್ಲದ ಚರಿತ್ರಕಾರನು ತನ್ನ ಕಾರ್ಯದ ಆರಂಭಕ್ಕೆ ಮತ್ತೆ ಮತ್ತೆ ಮರಳಿ, ಅದಕ್ಕೊಂದು ತಕ್ಕ ರೂಪವನ್ನು ಕೊಡಲು ಯತ್ನಿಸುತ್ತಿದ್ದನು. ಆದುದರಿಂದ ಆತ್ಮಕಥನವನ್ನು 1764ರ ಸಾಕ್ಷ್ಯವಾಗಿ ಬಳಸುವಾಗ, ಅದು ಇಪ್ಪತ್ತೈದು ವರ್ಷಗಳ ಅನಂತರದ ಮನಸ್ಸಿನ ದಾಖಲೆಯೆಂಬುದು ನಮಗೆ ನೆನಪಿರಬೇಕು.

ಮುಗಿದ ಗ್ರಂಥವನ್ನೂ ಆತನು ಸುಮ್ಮನೆ ಬಿಡಲಿಲ್ಲ. ತನ್ನ ಪ್ರತಿಯೊಂದರ ಅಂಚಿನಲ್ಲಿ ತಿದ್ದುಪಡಿಗಳನ್ನು ಗುರುತಿಸತೊಡಗಿದನು. ಅವನತಿಯ ಕಥೆಯನ್ನು ನೀರೋ ಪತನಾನಂತರದ ಅಂತಃಕಲಹಗಳಿಂದಲೇ ಆರಂಭಿಸಬೇಕಾಗಿತ್ತಲ್ಲವೆ ಎಂದು ಅಲ್ಲಿ ತನ್ನನ್ನೇ ಕೇಳಿಕೊಂಡು, ಹೌದೆಂದು ಒಪ್ಪಿ, ಇನ್ನು ಪ್ರಯೋಜನವಿಲ್ಲವೆಂದು ಬರೆದಿಟ್ಟಿದ್ದಾನೆ.