ಹನ್ನೊಂದು ಗುಲಗಂಜಿ ಲಿಥಿಯಂ

1.3 ಗ್ರಾಂ. ಅಕ್ಕಸಾಲಿಗರ ಹಳೆಯ ತೂಕದಲ್ಲಿ ಸುಮಾರು 11 ಗುಲಗಂಜಿ. 5,000 ಮಿಲಿಆಂಪಿಯರ್-ಗಂಟೆಯ ಮೊಬೈಲ್ ಬ್ಯಾಟರಿ ಪೂರ್ತಿ ಚಾರ್ಜ್ ಆಗುವಾಗ ಅದರೊಳಗೆ ಆಚೆಯಿಂದ ಈಚೆಗೆ ದಾಟುವ ಲಿಥಿಯಂ ಇಷ್ಟೇ. ಬೆಟಗೇರಿಯ ನೇಕಾರರು ಮಗ್ಗದ ಪಕ್ಕದ ಗೂಡಿನಲ್ಲಿ ಚಾರ್ಜಿಗಿಟ್ಟ ಫೋನಿನಲ್ಲೂ ಅಷ್ಟೇ.

ಆದರೆ ಈ 11 ಗುಲಗಂಜಿಯನ್ನು ಎಣಿಸಲು ಕೂತು ನೋಡಿ! ಅದರಲ್ಲಿರುವ ಅಯಾನುಗಳ (ವಿದ್ಯುದಂಶ ಹೊತ್ತ ಲಿಥಿಯಂ ಪರಮಾಣುಗಳ) ಸಂಖ್ಯೆಗೆ 1ರ ಮುಂದೆ 23 ಸೊನ್ನೆ ಬರೆದರೂ ಸಾಲದು. ಭೂಮಿಯ 800 ಕೋಟಿ ಜನರೂ ಊಟ-ನಿದ್ದೆ ಬಿಟ್ಟು, ತಲಾ ಸೆಕೆಂಡಿಗೆ ಒಂದರಂತೆ ಎಣಿಸಿದರೆ ಮುಗಿಸಲು 4 ಲಕ್ಷ ವರ್ಷಕ್ಕೂ ಹೆಚ್ಚು ಬೇಕು. ಬ್ಯಾಟರಿ ಅವನ್ನೆಲ್ಲ ಒಂದೆರಡು ಗಂಟೆಯಲ್ಲಿ ದಾಟಿಸಿಬಿಡುತ್ತದೆ.

ಅವು ಹೊರಡುವ ಮನೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ವಿಜ್ಞಾನಿ ಜಾನ್ ಗುಡೆನಫ್ ಅವರ ತಂಡ ಇದರ ಬಲ ತೋರಿಸಿಕೊಟ್ಟಿತು. ನೊಬೆಲ್ ಕೈಸೇರಿದ್ದು 2019ರಲ್ಲಿ, ಅವರ 97ನೇ ವಯಸ್ಸಿನಲ್ಲಿ. ಅಷ್ಟು ಹಿರಿಯ ವಯಸ್ಸಿನಲ್ಲಿ ನೊಬೆಲ್ ಪಡೆದವರು ಬೇರೆ ಯಾರೂ ಇಲ್ಲ. ಈ ಆಕ್ಸೈಡಿನ ಒಂದು ಕಣದ ಅಗಲ ಮಿಲಿಮೀಟರಿನ ನೂರನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಅಷ್ಟರಲ್ಲೇ ಒಂದರ ಮೇಲೊಂದು 21,000 ಪದರ! ಮುದ್ರಣಕ್ಕೆ ಹೆಸರಾದ ಗದಗಿನವರಿಗೆ ಬೇಗ ಅಂದಾಜಾಗುತ್ತದೆ: ಪದರಕ್ಕೊಂದು ಹಾಳೆಯಂತೆ ಪೇರಿಸಿದರೆ 42 ರೀಮು, ಆಳೆತ್ತರಕ್ಕಿಂತ ಮೇಲೆ.

ಈ ಆಕ್ಸೈಡಿಗೂ ಲಿಥಿಯಂ ಲೋಹಕ್ಕೂ ನಡುವೆ ಸುಮಾರು 3.9 ವೋಲ್ಟ್. ಟಾರ್ಚಿನ ಮೂರು ಸೆಲ್ಲಿಗಿಂತ ಕಡಿಮೆ. ಆದರೆ ಉಷ್ಣಗತಿಶಾಸ್ತ್ರದ ಲೆಕ್ಕಕ್ಕಿಳಿಸಿ: ಒಂದೊಂದು ಅಯಾನಿನ ಪಾಲಿಗೆ ಬರುವ ಶಕ್ತಿ 45,000 ಡಿಗ್ರಿ ಉಷ್ಣತೆಗೆ ಸಮ. ಸೂರ್ಯನ ಮೇಲ್ಮೈಯ ಬಿಸಿ 5,500 ಡಿಗ್ರಿ, ಇದು ಅದರ ಎಂಟು ಪಟ್ಟು! ಇಷ್ಟಾದರೂ ಫೋನು ಅಂಗೈಯಲ್ಲಿ ಹಿತವಾಗಿ ಬೆಚ್ಚಗಿರುತ್ತದೆ. ನನಗೆ ಈ ಇಡೀ ಲೆಕ್ಕದಲ್ಲಿ ಅತಿ ದೊಡ್ಡ ಸೋಜಿಗ ಇದೇ.

ಒಂದು ಫೋನಿನ ಅಷ್ಟೂ ಶಕ್ತಿಯಿಂದ 50 ಕಿಲೋ ಉಳ್ಳಾಗಡ್ಡಿ ಚೀಲವನ್ನು 140 ಮೀಟರ್ ಮೇಲಕ್ಕೆತ್ತಬಹುದು, ಗೋಳಗುಮ್ಮಟದ ಎರಡು ಪಟ್ಟಿಗೂ ಎತ್ತರಕ್ಕೆ. ಗದಗ ಸೀಮೆಯಲ್ಲಿ ತಿರುಗುವಂಥ, 2 ಮೆಗಾವಾಟ್‌ನ ಒಂದೇ ಒಂದು ಗಾಳಿಯಂತ್ರ ಪೂರ್ಣ ಬಲದಲ್ಲಿ ಓಡಿದರೆ ಸೆಕೆಂಡಿಗೆ ಇಂಥ 28 ಬ್ಯಾಟರಿಗಳಿಗಾಗುವಷ್ಟು ವಿದ್ಯುತ್ ಕೊಡುತ್ತದೆ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿ ನಗರದ ಜನಸಂಖ್ಯೆ ಸುಮಾರು 1.72 ಲಕ್ಷ. ತಲೆಗೊಂದು ಫೋನ್ ಎಂದರೂ ನಷ್ಟ ಬಿಟ್ಟು 1 ಗಂಟೆ 40 ನಿಮಿಷದ ಗಾಳಿ ಸಾಕು.

ಈಗ ಅಯಾನುಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ನಿಲ್ಲಿಸೋಣ. ಒಂದೇ ಫೋನಿನ ಸಾಲು 1,700 ಕೋಟಿ ಕಿಲೋಮೀಟರ್. ಸೂರ್ಯನಿಗೆ ಐವತ್ತೈದು ಸಲ ಹೋಗಿಬರುವಷ್ಟು! ನಗರದ ಅಷ್ಟೂ ಫೋನುಗಳಲ್ಲಿ ದಾಟುವ ಲಿಥಿಯಂ ಕೂಡಿಸಿದರೆ ಐದು ಚೀಲ ಉಳ್ಳಾಗಡ್ಡಿಯ ತೂಕವೂ ಆಗದು. ಸಾಲು ಮಾತ್ರ ಎಷ್ಟು ಉದ್ದವೆಂದರೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕಿಗೂ ಈ ತುದಿಯಿಂದ ಆ ತುದಿ ಮುಟ್ಟಲು 300 ವರ್ಷ ಸಾಲುವುದಿಲ್ಲ.