ಹಳೆಯ ದನಿಗೆ ಹೊಸ ಮನೆ

ಹಿರಿಯರು ಯಾವುದೋ ಕಾಲದಲ್ಲಿ ಆಸೆಪಟ್ಟು ಕೊಂಡುತಂದ ಧ್ವನಿವರ್ಧಕಗಳ ಜೋಡಿಯೊಂದು ಅಟ್ಟದ ಮೇಲೆ ಧೂಳು ಕುಡಿಯುತ್ತ ಕುಳಿತಿರುವುದು ಹಾಸನ ಸೀಮೆಯ ಮನೆಗಳಲ್ಲಿ ಅಪರೂಪದ ದೃಶ್ಯವೇನಲ್ಲ. ಮಳೆಗಾಲದ ತೇವಕ್ಕೆ ಪೆಟ್ಟಿಗೆಯ ತಳ ಉಬ್ಬಿ ಹೊಟ್ಟುದುರುತ್ತಿರುತ್ತದೆ. ಮುಂಭಾಗದ ಬಟ್ಟೆ ಇಲಿಗಳ ಪಾಲಾಗಿರುತ್ತದೆ. ಯುಗಾದಿಗೆ ಸುಣ್ಣ ಬಳಿಸುವಾಗ ಅದನ್ನು ಕೆಳಗಿಳಿಸಿದರೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಗುಜರಿಗೆ ಹಾಕಿಬಿಡಿ ಎಂಬುದು ಮಕ್ಕಳ ಪಕ್ಷ. ಆಚಾರರನ್ನು ಕರೆಸಿ ಹೊಸ ಪೆಟ್ಟಿಗೆ ಮಾಡಿಸೋಣ ಎಂಬುದು ಅಜ್ಜನ ಪಕ್ಷ. ಅಜ್ಜನ ಪಕ್ಷವೇ ಗೆದ್ದಿತೆನ್ನಿ. ತೇಗದ ಹಲಗೆ ಬರುತ್ತದೆ, ಉಜ್ಜುಗೊರಡು ಓಡುತ್ತದೆ, ಪಾಲಿಶು ಮಿಂಚುತ್ತದೆ. ನೋಡಲು ಎರಡು ಕಣ್ಣು ಸಾಲದು. ಆದರೆ ತಂತಿ ಜೋಡಿಸಿ ಕಚೇರಿಯೊಂದನ್ನು ಹಾಕಿದರೆ, ಹಿಂದೆ ಎದೆಗೆ ತಾಕುತ್ತಿದ್ದ ಮೃದಂಗದ ಎಡಮುಖದ ಗುಮ್ಕಿ ಎಲ್ಲಿಯೋ ಅಡಗಿಹೋಗಿದೆ!

ಧ್ವನಿವರ್ಧಕಕ್ಕೆ ವಯಸ್ಸಾಯಿತು ಎಂದು ಅಜ್ಜ ನಿಟ್ಟುಸಿರು ಬಿಡುವುದು ಸಹಜ. ತಪ್ಪು ಅದರದ್ದಲ್ಲ, ಆಚಾರರದೂ ಅಲ್ಲ. ಪೆಟ್ಟಿಗೆಯೆಂಬುದು ಬರಿಯ ಹೊದಿಕೆಯಲ್ಲ, ಧ್ವನಿವರ್ಧಕದ ಅರ್ಧ ಶರೀರವೇ ಅದು ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಈ ಸೀಮೆಯ ಕಿವಿಗಳಿಗೆ ಸಂಗೀತದ ರುಚಿ ಹತ್ತಿದುದು ಇಂದು ನಿನ್ನೆಯಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿಯ ದಂಡೆಯ ಚಿಕ್ಕ ಗ್ರಾಮ. ಅದು ನಾಡಿಗಿತ್ತ ಗಾಯಕ ವಾದಕರ ಸಾಲು ಮಾತ್ರ ಚಿಕ್ಕದಲ್ಲ. 1920ರಲ್ಲಿ ಅಲ್ಲಿ ಜನಿಸಿದ ಆರ್.ಕೆ. ಶ್ರೀಕಂಠನ್ ಅವರು ಬಹುಕಾಲ ಆಕಾಶವಾಣಿಯ ಸೇವೆಯಲ್ಲಿದ್ದರು. ಮೈಸೂರಿನ ಆಕಾಶವಾಣಿಯಾದರೋ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ ಹುಟ್ಟಿದ ಕೂಸು; 1955ರಲ್ಲಿ ಆ ಕೇಂದ್ರ ಬೆಂಗಳೂರಿಗೆ ವರ್ಗವಾಯಿತು. ಹೀಗೆ ರುದ್ರಪಟ್ಟಣದಿಂದ ಹೊರಟ ದನಿ ಆಕಾಶಮಾರ್ಗವಾಗಿ ಸುತ್ತಿ ಬಂದು ಹೊಳೆನರಸೀಪುರದ, ಚನ್ನರಾಯಪಟ್ಟಣದ ಮನೆಗಳ ಹಜಾರವನ್ನು ಸೇರುತ್ತಿತ್ತು. ಸೇರುತ್ತಿದ್ದುದು ಮರದ ಪೆಟ್ಟಿಗೆಯ ಮೂಲಕ. ಮರ್ಫಿ, ಫಿಲಿಪ್ಸ್, ಬುಷ್ ಮೊದಲಾದ ಅಂದಿನ ವಾಲ್ವ್ ರೇಡಿಯೋಗಳ ಬೆನ್ನಿಗೆ ತೂತುಗಳುಳ್ಳ ರಟ್ಟೊಂದೇ ಮರೆ. ಒಳಗಿನ ವಾಲ್ವುಗಳ ಶಾಖ ಹೊರಹೋಗಬೇಕಲ್ಲ! ತೆಳುಹಲಗೆಯ ಆ ಪೆಟ್ಟಿಗೆ ಹಾಡಿನೊಡನೆ ತಾನೂ ಅಷ್ಟಿಷ್ಟು ದನಿಗೂಡಿಸುತ್ತಿತ್ತು. ಅಜ್ಜನ ನೆನಪಿನಲ್ಲಿ ಇಂದಿಗೂ ನಿಂತಿರುವ 'ಮರದ ನಾದ'ದ ಮಾಧುರ್ಯ ಅದೇ. ಹೊಸ ಪೆಟ್ಟಿಗೆ ಮಾಡಿಸುವವರನ್ನು ದಾರಿ ತಪ್ಪಿಸುವುದೂ ಅದೇ ನೆನಪು.

ಧ್ವನಿವರ್ಧಕದ ಹೃದಯ ಬಹು ಸರಳವಾದುದು. ಅಯಸ್ಕಾಂತದ ಸಂದಿನಲ್ಲಿ ಒಂದು ತಂತಿಯ ಸುರುಳಿ. ಸುರುಳಿಗೆ ಅಂಟಿದ ಒಂದು ಕಾಗದದ ಶಂಕು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಬಳಕೆಗೆ ತಂದ ಈ ರಚನೆ ಇಂದಿಗೂ ಬದಲಾಗಿಲ್ಲವೆಂದೇ ಹೇಳಬಹುದು. ಶಂಕು ಮುಂದೆ ನೂಕಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲುತ್ತದೆ. ಎರಡೂ ಒಂದುಗೂಡಿದರೆ ಕೂಡಿ ಕಳೆದು ಶೂನ್ಯ. ತಾರಸ್ವರಗಳಿಗೆ ಈ ಬಾಧೆ ಕಡಿಮೆ. ಮಂದ್ರದ ಅಲೆಗಳ ಮಾತೇ ಬೇರೆ. ಸೆಕೆಂಡಿಗೆ 50 ಬಾರಿ ಕಂಪಿಸುವ ಸ್ವರದ ಒಂದೊಂದು ಅಲೆಯೂ ಸುಮಾರು 7 ಮೀಟರು ಉದ್ದ! ಊಟದ ತಟ್ಟೆಯಷ್ಟಗಲದ ಶಂಕನ್ನು ಬಳಸಿಕೊಂಡು ಹಿಂದಿನಿಂದ ಮುಂದೆ ಬರುವುದು ಅದಕ್ಕೊಂದು ಕಷ್ಟವೇ? ಆ ಹಿಂದಿನ ಅಲೆಯನ್ನು ತಡೆಯುವುದೇ ಪೆಟ್ಟಿಗೆಯ ಮೊದಲ ಕರ್ತವ್ಯ.

ತಡೆಯುವ ಬಗೆ ಎರಡು. ಒಂದು, ಎಲ್ಲ ಕಡೆಯೂ ಮುಚ್ಚಿದ ಪೆಟ್ಟಿಗೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬಾತ ಒಳಗಿನ ಗಾಳಿಯನ್ನೇ ಶಂಕಿನ ಸ್ಪ್ರಿಂಗಾಗಿ ದುಡಿಸಿ, ಚಿಕ್ಕ ಪೆಟ್ಟಿಗೆಯಿಂದ ದೊಡ್ಡ ಮಂದ್ರವನ್ನು ಹೊರಡಿಸಿ ತೋರಿಸಿದ. ಇನ್ನೊಂದು, ಮುಂದೆಯೋ ಹಿಂದೆಯೋ ಕೊಳವೆಯ ಬಾಯಿಯುಳ್ಳ ಪೆಟ್ಟಿಗೆ. ಖಾಲಿ ಸೀಸೆಯ ಬಾಯಿಗೆ ಅಡ್ಡವಾಗಿ ಊದಿ ಹೂಂಕಾರ ಹೊರಡಿಸದ ಮಕ್ಕಳುಂಟೆ? ಅದೇ ತತ್ತ್ವ. ಥುರಾಸ್ ಎಂಬಾತನಿಗೆ 1932ರಲ್ಲಿ ಇದರ ಪೇಟೆಂಟು ದೊರೆಯಿತು. ಪೆಟ್ಟಿಗೆಯ ಗಾತ್ರ, ಕೊಳವೆಯ ಅಳತೆ ಮತ್ತು ಶಂಕಿನ ಗುಣಗಳನ್ನು ಲೆಕ್ಕದಿಂದ ಹೊಂದಿಸುವ ಕ್ರಮವನ್ನು 1961ರಲ್ಲಿ ಆಸ್ಟ್ರೇಲಿಯದ ಥೀಲ್ ಪ್ರಕಟಿಸಿದ. ಆಚಾರರು 'ಈ ತೂತು ಏಕೆ, ಅಂದಗೆಟ್ಟಿದೆ' ಎಂದು ಬಾಯಿಯನ್ನು ಮುಚ್ಚಿದರೆ, ಅಥವಾ ಕೊಳವೆಯನ್ನು ಎರಡಂಗುಲ ಮೊಟಕು ಮಾಡಿದರೆ, ಶ್ರುತಿ ಕೆಟ್ಟಿತೆಂದೇ ತಿಳಿಯಬೇಕು.

ಆದುದರಿಂದ ಹಳೆಯ ಪೆಟ್ಟಿಗೆ ಎಷ್ಟೇ ಜೀರ್ಣವಾಗಿದ್ದರೂ ಅಳತೆ ತೆಗೆಯುವವರೆಗೆ ಅದನ್ನು ಒಲೆಗೆ ಹಾಕಬಾರದು. ಅಳೆಯಬೇಕಾದುದು ಹೊರಮೈಯನ್ನಲ್ಲ, ಒಳಗಿನ ಬಯಲನ್ನು. ಹೊರಗೆ 50, 30, 26 ಸೆಂಟಿಮೀಟರು ಇರುವ ಪೆಟ್ಟಿಗೆಯ ಹಲಗೆ 12 ಮಿಲಿಮೀಟರು ದಪ್ಪವಾಗಿದ್ದರೆ ಒಳಗೆ 31 ಲೀಟರು ಗಾಳಿ ಹಿಡಿಯುತ್ತದೆ. 'ಗಟ್ಟಿಯಾಗಿರಲಿ' ಎಂದು ಹೊರ ಅಳತೆಯನ್ನು ಹಾಗೆಯೇ ಇಟ್ಟು 18 ಮಿಲಿಮೀಟರಿನ ಹಲಗೆ ಹಾಕಿದರೆ ಉಳಿಯುವುದು 27 ಲೀಟರು ಚಿಲ್ಲರೆ. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಗಾಳಿ ಕಣ್ಣಿಗೆ ಕಾಣದಂತೆ ಮಾಯವಾಯಿತು! ಅದರೊಡನೆ ಗುಮ್ಕಿಯೂ ತೆಳುವಾಗುತ್ತದೆ. ದಪ್ಪ ಹಲಗೆ ಒಳ್ಳೆಯದೇ. ಆದರೆ ಹೆಚ್ಚುವ ದಪ್ಪ ಹೊರಗೆ ಬೆಳೆಯಬೇಕು.

ಇನ್ನು ಮರದ ವಿಚಾರ. ಹಲಸಿನ ಮರದಲ್ಲಿ ಕೊರೆದ ವೀಣೆಯ ಕೊಡ ತಂತಿಯೊಡನೆ ತಾನೂ ಮಿಡಿಯಬೇಕು. ಮಿಡಿಯದಿದ್ದರೆ ಅದು ವೀಣೆಯೇ ಅಲ್ಲ. ತಂಬೂರಿಯೂ ಹಾಗೆಯೇ, ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲಿಯೇ ಸಪ್ತಸ್ವರ ದೇವತೆಗಳ ಧ್ಯಾನಮಂದಿರವೊಂದು ಎದ್ದಿರುವುದನ್ನು ಅನೇಕರು ಕಂಡಿರಬಹುದು. ಇಂಥ ನಾಡಿನವರು ಧ್ವನಿವರ್ಧಕದ ಪೆಟ್ಟಿಗೆಗೂ ಹಾಡುವ ಮರವನ್ನೇ ಹುಡುಕಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಧರ್ಮ ತಿರುವುಮುರುವು. ವೀಣೆ ಸಂಗೀತವನ್ನು ಹುಟ್ಟಿಸುತ್ತದೆ. ಧ್ವನಿವರ್ಧಕ ಹುಟ್ಟಿದ ಸಂಗೀತವನ್ನು ಇದ್ದಂತೆ ತಲುಪಿಸಬೇಕು. ಪೆಟ್ಟಿಗೆ ತಾನೂ ಹಾಡತೊಡಗಿದರೆ ಪಿಟೀಲಿಗೂ ಗಂಟಲಿಗೂ ಘಟಕ್ಕೂ ಒಂದೇ ಬಣ್ಣ ಬಳಿದಂತಾಗುತ್ತದೆ. ಹಲಸಿನ ಹಣ್ಣನ್ನು ತಟ್ಟಿ ನೋಡುವವರಿಗೆ ಪರೀಕ್ಷೆ ಹೊಸದಲ್ಲ: ಬೆರಳ ಗೆಣ್ಣಿನಿಂದ ತಟ್ಟಿದರೆ ಪೆಟ್ಟಿಗೆ 'ಡಬ್' ಎಂದು ಸುಮ್ಮನಾಗಬೇಕು. 'ಡೊಂಯ್' ಎಂದು ಉತ್ತರ ಕೊಟ್ಟರೆ ಒಳಗೆ ಎದುರುಬದುರು ಹಲಗೆಗಳ ನಡುವೆ ಅಡ್ಡಪಟ್ಟಿ ಕೂಡಿಸಬೇಕು. ಪಟ್ಟಿ ನುಂಗುವ ಜಾಗವನ್ನೂ ಗಾಳಿಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಇಡೀ ತೇಗದ ಹಲಗೆಗೆ ಇನ್ನೊಂದು ದೋಷವುಂಟು. ಮಳೆಯಲ್ಲಿ ಅಗಲಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದು ಮರದ ಸ್ವಭಾವ. ಅರಕಲಗೂಡಿನ ಆಷಾಢದಲ್ಲಿ ಬಿಗಿಯಾಗಿ ಕೂಡಿಸಿದ ಮೂಲೆ ಚೈತ್ರದ ವೇಳೆಗೆ ಕೂದಲೆಳೆಯಷ್ಟು ಬಿರಿಯಬಹುದು. ಬೀರುವಿಗೆ ಅದರಿಂದ ನಷ್ಟವಿಲ್ಲ. ಮುಚ್ಚಿದ ಧ್ವನಿಪೆಟ್ಟಿಗೆಗೆ ಆ ಬಿರುಕು ಸೀಳು ಬಿಟ್ಟ ಕೊಳಲಿದ್ದಂತೆ. ಎಳೆಗಳನ್ನು ಅಡ್ಡಡ್ಡವಾಗಿ ಅಂಟಿಸಿದ ಪ್ಲೈವುಡ್ ಇಷ್ಟು ಚಂಚಲವಲ್ಲ. ಸಕಲೇಶಪುರದ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತಿರುವ ಸಿಲ್ವರ್ ಓಕ್ ಕೂಡ ಪ್ಲೈವುಡ್ಡಿಗೆ ಒದಗುವ ಮರವೇ. ಒಳಗೆ ಒಳ್ಳೆಯ ಪ್ಲೈವುಡ್, ಹೊರಗೆ ತೇಗದ ತೆಳುಪದರ: ಅಜ್ಜನ ಕಣ್ಣಿಗೂ ಕಿವಿಗೂ ಇದೇ ನ್ಯಾಯವಾದ ರಾಜಿ. ಮೂಲೆಗಳಿಗೆ ಮೊಳೆ ಸಾಲದು. ಉದ್ದಕ್ಕೂ ಅಂಟು ತುಂಬಿರಬೇಕು.

ಹೊಸ ಮನೆ ಕಟ್ಟುವ ಮೊದಲು ವಾಸಿಸುವವರ ಆರೋಗ್ಯವನ್ನೂ ವಿಚಾರಿಸಬೇಕಷ್ಟೆ. ಶಂಕಿನ ಅಂಚಿಗೆ ಸ್ಪಂಜಿನ ಬಳೆಯಿದ್ದರೆ ಹದಿನೈದಿಪ್ಪತ್ತು ವರ್ಷಗಳಲ್ಲಿ ಅದು ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತದೆ; ಬಳೆ ಬದಲಿಸಿದರೆ ಮತ್ತೆ ಆಯುಸ್ಸು. ಧ್ವನಿಯನ್ನು ಮಂದ್ರ ತಾರಗಳಾಗಿ ಹಂಚುವ ಸಣ್ಣ ಫಲಕವನ್ನು ಹಳೆಯ ಪೆಟ್ಟಿಗೆಯೊಡನೆ ಎಸೆಯದೆ ಬಿಚ್ಚಿಟ್ಟುಕೊಳ್ಳಬೇಕು. ತಂತಿ ಜೋಡಿಸುವಾಗ ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ದೊಡ್ಡ ಶಂಕಿನ ತಂತಿಗಳಿಗೆ ಕ್ಷಣಮಾತ್ರ ತಾಗಿಸಿ ನೋಡಿದರಾಯಿತು: ಸೆಲ್ಲಿನ ತುದಿಗಳನ್ನು ಒಂದೇ ಕ್ರಮದಲ್ಲಿ ತಾಗಿಸಿದಾಗ ಎರಡೂ ಶಂಕುಗಳು ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಮುಂದೆ, ಒಂದು ಹಿಂದೆ ಹೋದರೆ ಮತ್ತದೇ ಕೂಡಿ ಕಳೆಯುವ ಲೆಕ್ಕ.

ಕಡೆಯದಾಗಿ ಒಳಗಿನ ಹಾಸು. ಪೆಟ್ಟಿಗೆಯೊಳಗೆ ಗೋಡೆಯಿಂದ ಗೋಡೆಗೆ ಪುಟಿಯುವ ದನಿಯನ್ನು ಹತ್ತಿ, ಉಣ್ಣೆಗಳು ಹೀರಿಕೊಳ್ಳುತ್ತವೆ; ಚನ್ನರಾಯಪಟ್ಟಣದ ಕಡೆ ಧಾರಾಳವಾಗಿ ಸಿಗುವ ತೆಂಗಿನ ನಾರಿಗೂ ಆ ಗುಣವುಂಟು. ಕೊಳವೆಯ ಪೆಟ್ಟಿಗೆಯಾದರೆ ಗೋಡೆಗಷ್ಟೇ ಹಚ್ಚಿ ಕೊಳವೆಯ ದಾರಿಯನ್ನು ಬಿಡುವಾಗಿಡಬೇಕು. ಮುಚ್ಚಿದ ಪೆಟ್ಟಿಗೆಯಾದರೆ ಸಡಿಲವಾಗಿ ತುಂಬಬಹುದು. ಎಷ್ಟು ಎಂಬುದಕ್ಕೆ ಕಿವಿಯೇ ಪ್ರಮಾಣ. ಶ್ರೀಕಂಠನ್ ಅವರ ಧ್ವನಿಮುದ್ರಿಕೆಯೊಂದನ್ನು ಹಾಕಿ ಅಜ್ಜ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿರುತ್ತಾರೆ. ಮೊಮ್ಮಗ ತಿರುಪು ಬಿಚ್ಚಿ ಒಂದು ಹಿಡಿ ಹತ್ತಿ ತೆಗೆಯುತ್ತಾನೆ, ಮತ್ತೆ ಬಿಗಿಯುತ್ತಾನೆ, ಅದೇ ಪಲ್ಲವಿಯನ್ನು ಮೊದಲಿನಿಂದ ಹಾಕುತ್ತಾನೆ. "ಇನ್ನೊಂದು ಹಿಡಿ ತೆಗಿ ಮಗು" ಎನ್ನುತ್ತಾರೆ ಅಜ್ಜ, ಕಣ್ಣು ತೆರೆಯದೆ.