ಕಡಲ ಮೇಲಿನ ಸಂಸಾರಕ್ಕೆ ಪುಟ್ಟ ದೋಣಿ ಮತ್ತು ತೆಪ್ಪ

ಕಡಲಿಗೂ ನಮ್ಮ ಲಕ್ಷ್ಮೀ ನಗರಕ್ಕೂ ಎಲ್ಲಿಯ ನಂಟು ಎಂದು ಓದುಗರು ಕೇಳಬಹುದು. ನಾಗಪುರದವರಾದ ನಮಗೆ ದೋಣಿಯೆಂದರೆ ಕೆರೆಯ ವಿಹಾರವಷ್ಟೇ. ಆದರೆ ನಮ್ಮ ಬಳಗದ ಹಿರಿಯರೊಬ್ಬರ ಮಗಳು ಮತ್ತು ಅಳಿಯ, ವಿದೇಶದಲ್ಲಿ ನೆಲೆಸಿದವರು, ಹಾಯಿದೋಣಿಯೊಂದನ್ನು ಕೊಂಡು ಕೆಲವು ವರ್ಷ ಮಕ್ಕಳೊಡನೆ ಅದರಲ್ಲೇ ಬಾಳಲು ನಿಶ್ಚಯಿಸಿದ್ದಾರೆ. "ಜೊತೆಗೆ ಪುಟ್ಟ ದೋಣಿ ಇದ್ದೇ ಇರುತ್ತದಲ್ಲ ಮಾವ, ತೆಪ್ಪಕ್ಕೇಕೆ ಬೇರೆ ಹಣ?" ಎಂಬ ಅಳಿಯನ ಮಾತು ಹಿರಿಯರ ನಿದ್ದೆಗೆಡಿಸಿದೆ.

ಪುಟ್ಟ ದೋಣಿ ದಿನಬಳಕೆಯದು. ಲಂಗರು ಹಾಕಿದ ತಾಣದಿಂದ ದಡಕ್ಕೆ ಹೋಗಿ ತರಕಾರಿ, ಕುಡಿಯುವ ನೀರು, ಡೀಸೆಲ್ ತರುವುದು ಅದರ ಕೆಲಸ. ಮನೆಯ ಮುಂದಿನ ಸ್ಕೂಟರ್ ಇದ್ದಂತೆ. ಗಾಳಿ ತುಂಬುವ ದೋಣಿ ಹಗುರ, ಸುಲಭವಾಗಿ ಮಗುಚದು. ಆದರೆ ಎದುರುಗಾಳಿಯಲ್ಲಿ ಹುಟ್ಟು ಹಾಕುವುದು ಹೆಣಗಾಟ. ಅಗ್ಗದ ಪಿವಿಸಿ ಬಟ್ಟೆ ಉಷ್ಣವಲಯದ ಬಿಸಿಲಿಗೆ ಬೇಗ ಸೋಲುತ್ತದೆ. ಹೈಪಲಾನ್ ದುಬಾರಿ, ಬಾಳಿಕೆ ಹೆಚ್ಚು. ಫೈಬರ್ ದೋಣಿ ಹುಟ್ಟಿಗೆ ಚೆನ್ನಾಗಿ ಒಗ್ಗುತ್ತದೆ, ಇಡಲು ಜಾಗ ಬೇಡುತ್ತದೆ.

ತೆಪ್ಪವಾದರೋ ಬಳಸುವ ಪ್ರಸಂಗ ಬಾರದಿರಲೆಂದು ಹಾರೈಸಿ ಕೊಳ್ಳುವ ವಸ್ತು. ಹಗ್ಗ ಸೆಳೆದೊಡನೆ ಅನಿಲ ತುಂಬಿ ಉಬ್ಬುತ್ತದೆ. ಮೇಲೆ ಬಿಸಿಲು ಮಳೆ ತಡೆಯುವ ಚಾವಣಿ, ಕೆಳಗೆ ನೀರು ತುಂಬಿಕೊಂಡು ಮಗುಚದಂತೆ ಹಿಡಿಯುವ ಚೀಲಗಳು. ಪುಟ್ಟ ದೋಣಿಗೆ ಇವೆರಡೂ ಇಲ್ಲ. ಅಳಿಯನ ಲೆಕ್ಕ ತಪ್ಪುವುದು ಇಲ್ಲಿಯೇ.

ಆದರೆ ಪೂರ್ತಿ ತಪ್ಪೆಂದೂ ಹೇಳಲಾರೆವು. 1972ರ ಜೂನ್ 15ರಂದು ಪೆಸಿಫಿಕ್ ಸಾಗರದಲ್ಲಿ ರಾಬರ್ಟ್‌ಸನ್ ಕುಟುಂಬದ 'ಲೂಸೆಟ್' ತಿಮಿಂಗಿಲಗಳ ಹೊಡೆತಕ್ಕೆ ನಿಮಿಷಗಳಲ್ಲಿ ಮುಳುಗಿತು. ಆರು ಮಂದಿ ತೆಪ್ಪ ಹತ್ತಿದರು. ಹದಿನೇಳು ದಿನಕ್ಕೆ ತೆಪ್ಪ ಕೈಕೊಟ್ಟಿತು. ಹಿಂದೆ ಕಟ್ಟಿಕೊಂಡಿದ್ದ ಒಂಬತ್ತು ಅಡಿಯ ದೋಣಿಯೇ ಉಳಿದ ದಿನಗಳನ್ನು ಹೊತ್ತಿತು. ಮೂವತ್ತೆಂಟನೆಯ ದಿನ ಜಪಾನಿನ ಮೀನುಗಾರರು ಎಲ್ಲರನ್ನೂ ಕಾಪಾಡಿದರು. ಎರಡೂ ಬೇಕು ಎನ್ನುವುದು ನಮ್ಮ ಅಭಿಪ್ರಾಯ.

ತೆಪ್ಪ ದೊಡ್ಡದಾದಷ್ಟೂ ಕ್ಷೇಮವೆಂಬುದು ಭ್ರಮೆ. ನಾಲ್ವರಿಗೆ ಎಂಟು ಜನರ ತೆಪ್ಪ ಕೊಂಡರೆ ತೂಕ ಸಾಲದೆ ಅಲೆಗೆ ಹಾರಾಡುತ್ತದೆ. ಅದನ್ನು ಕೋಣೆಯೊಳಗೆ ತುರುಕದೆ ಥಟ್ಟನೆ ಕೈಗೆಟಕುವಲ್ಲಿ ಇಡಬೇಕು. ತಯಾರಕರು ಹೇಳಿದ ಅವಧಿಗೆ ಬಿಚ್ಚಿಸಿ ಪರೀಕ್ಷಿಸಬೇಕು. ಅವಸರವೂ ಸಲ್ಲದು. 1979ರ ಫಾಸ್ಟ್‌ನೆಟ್ ಸ್ಪರ್ಧೆಯ ಬಿರುಗಾಳಿಯಲ್ಲಿ ಹದಿನೈದು ನಾವಿಕರು ಸತ್ತರು. ಕೆಲವರು ತೆಪ್ಪಕ್ಕಿಳಿದು ಅಳಿದರೆ, ಅವರು ಬಿಟ್ಟ ದೋಣಿ ಆಮೇಲೂ ತೇಲುತ್ತಿತ್ತು.

ನಮ್ಮ ಕರಾವಳಿಯ ನೋವೂ ನೆನಪಾಗುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಏಳು ಮೀನುಗಾರರೊಡನೆ ಕಣ್ಮರೆಯಾಯಿತು. ಅದರ ಅವಶೇಷ ನೌಕಾಪಡೆಗೆ ಮಾಲ್ವಣ ಬಳಿಯ ಕಡಲ ತಳದಲ್ಲಿ ದೊರೆತದ್ದು 2019ರ ಮೇ ತಿಂಗಳಲ್ಲಿ. ಅಷ್ಟು ಕಾಲ ಆ ಮನೆಗಳು ಬಾಗಿಲು ನೋಡುತ್ತ ಕುಳಿತಿದ್ದವು.

ಆದ್ದರಿಂದ ಮುಳುಗಿದಾಗ ತಾನೇ ಕಳಚಿ ತೇಲಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಮೊರೆಯಿಡುವ ಸಾಧನವೊಂದು ತೆಪ್ಪದಷ್ಟೇ ಅಗತ್ಯ. ಭಾರತದ ಸುತ್ತಲ ಕಡಲಿನ ಇಂಥ ಮೊರೆ ತಲಪುವುದು ನಮ್ಮ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ. ಅಲ್ಲಿಂದ ತಟರಕ್ಷಣಾ ಪಡೆಗೆ. ಸಾಧನವನ್ನು ನೋಂದಾಯಿಸುವಾಗ ನೆಲದ ಮೇಲಿರುವ ಬಂಧುವೊಬ್ಬರ ದೂರವಾಣಿ ಸಂಖ್ಯೆ ಕೊಡಬೇಕು. ಆ ಜಾಗದಲ್ಲಿ ಲಕ್ಷ್ಮೀ ನಗರದ ತಮ್ಮ ಸಂಖ್ಯೆಯನ್ನೇ ಬರೆಯುವಂತೆ ಹಿರಿಯರು ಮಗಳಿಗೆ ತಿಳಿಸಿದ್ದಾರೆ. ತೆಪ್ಪದ ಹಣವನ್ನೂ ತಾವೇ ಕಳುಹಿಸುತ್ತಾರಂತೆ.